ಹಳೆ ವಾಚಿನ ಡಯಲ್ ಅಸಲಿಯೋ, ಮತ್ತೆ ಬಣ್ಣ ಹಾಕಿದ್ದೋ ಅಂತ ತಿಳಿಯೋದು ಹೇಗೆ?

10 ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಹಿಡಿದು ಮೊದಲು ಅಕ್ಷರಗಳನ್ನು ನೋಡಿ. ಅಸಲಿಯಲ್ಲಿ ಅವುಗಳ ಅಂಚು ಚೂಪಾಗಿ, ದಪ್ಪ ಒಂದೇ ಸಮ ಇರುತ್ತದೆ. ಕಾರ್ಖಾನೆಯಲ್ಲಿ ಲೋಹದ ತಟ್ಟೆಯಲ್ಲಿ ಅಕ್ಷರ ಕೊರೆದು, ಆ ಕುಳಿಗೆ ಶಾಯಿ ತುಂಬಿ, ಮೆತ್ತನೆಯ ಪ್ಯಾಡ್‌ನಿಂದ ಎತ್ತಿ ಡಯಲ್ ಮೇಲೆ ಒತ್ತುತ್ತಿದ್ದರು. ಮತ್ತೆ ಬಣ್ಣ ಹಾಕುವವರ ಹತ್ತಿರ ಸಾಮಾನ್ಯವಾಗಿ ಆ ತಟ್ಟೆ ಇರುವುದಿಲ್ಲ. ಅಂದಾಜಿನ ಅಚ್ಚಿನಲ್ಲೋ ಕೈಯಲ್ಲೋ ಬರೆಯುತ್ತಾರೆ. ಹಾಗಾಗಿ ಅಕ್ಷರ ಊದಿಕೊಳ್ಳುತ್ತದೆ, ನಿಮಿಷದ ಗೆರೆಗಳು ಗಂಟೆಯ ಗುರುತಿನ ನೇರಕ್ಕೆ ಕೂರುವುದಿಲ್ಲ. ಸ್ವಿಸ್ ವಾಚಾದರೆ 6ರ ಕೆಳಗಿನ ‘ಸ್ವಿಸ್ ಮೇಡ್’ನಂಥ ಪುಟ್ಟ ಬರಹ ಎಷ್ಟೋ ಸಲ ಮಾಯ! ಸಣ್ಣಪುಟ್ಟ ಕಲೆಗೆ ಹೆದರಬೇಡಿ. 60 ವರ್ಷದ ಡಯಲ್ ಹೊಸದರಂತೆ ಹೊಳೆಯುತ್ತಿದ್ದರೇ ನನಗೆ ಜಾಸ್ತಿ ಅನುಮಾನ. ನುರಿತವರು ಮಾಡಿದ್ದರೆ ಮಾತ್ರ ಹೇಳುವುದು ಕಷ್ಟ. ಆಗ ಅದೇ ಮಾದರಿಯ ಅಸಲಿ ಡಯಲ್‌ನ ಫೋಟೋ ಪಕ್ಕದಲ್ಲಿಟ್ಟು ಹೋಲಿಸಿ.