ನಾವು ಕೂಡಬಹುದಾ, ಡಾಕ್ಟರೇ?

ಪ್ರಶ್ನೆ: ನಮ್ಮವರು ಎರಡು ವರ್ಷದ ಹಿಂದೆ ಅಡಿಕೆ ಕೊನೆ ಕೊಯ್ಯುವಾಗ ಮರದಿಂದ ಬಿದ್ದರು. ಬೆನ್ನುಹುರಿಗೆ ಡಿ-10ರಲ್ಲಿ (ಎದೆಭಾಗದ ಹತ್ತನೇ ಮಟ್ಟದಲ್ಲಿ) ಪೆಟ್ಟು. ಹೊಕ್ಕುಳಿಂದ ಕೆಳಗೆ ಸ್ವಾಧೀನವಿಲ್ಲ, ಮೂತ್ರಕ್ಕೆ ಪೈಪ್ ಇದೆ. ಮೈ ಒರೆಸುವಾಗ ಒಮ್ಮೊಮ್ಮೆ ಗಡಸಾಗುತ್ತದೆ, ಅವರಿಗೇ ಗೊತ್ತಾಗುವುದಿಲ್ಲ. ಆಸ್ಪತ್ರೆಯಲ್ಲಿ ಕೇಳಿದರೆ ‘ಜೀವ ಉಳಿದಿದ್ದೇ ಹೆಚ್ಚು’ ಅಂದರು. ನನಗೆ 29. ನಾವು ಕೂಡಬಹುದಾ? ಮಗು ಆಗುತ್ತಾ?
– ಹೆಸರು ಬೇಡ, ಶಿರಸಿ ತಾಲ್ಲೂಕು

ಉತ್ತರ: ಕೂಡಬಹುದು, ತಂಗಿ. ನಿಮಗೆ ಸಿಕ್ಕ ಆ ಉತ್ತರ ಓದಿ ಸಿಟ್ಟು ಬಂತು. ಅಂಗವಿಕಲರಿಗೆ ಸಂತಾನ, ಕುಟುಂಬ ಯೋಜನೆಯ ಮಾಹಿತಿ ಸಿಗಬೇಕು ಎಂದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯೇ ಹೇಳುತ್ತದೆ.

ಶಿಶ್ನ ಗಡಸಾಗುವುದು ಒಳ್ಳೆಯ ಸೂಚನೆ. ಮುಟ್ಟಿದಾಗ ಅದನ್ನು ಆಗಿಸುವ ನರಗಳು ಬೆನ್ನುಹುರಿಯ ಕೆಳತುದಿಯಲ್ಲಿವೆ. ಪೆಟ್ಟು ಅದಕ್ಕಿಂತ ಮೇಲೆ. ಹಾಗಾಗಿ ಮೆದುಳಿಗೆ ತಿಳಿಯದಿದ್ದರೂ ಅಲ್ಲಿ ಕೆಲಸ ನಡೆಯುತ್ತದೆ. ಜಾಸ್ತಿ ಹೊತ್ತು ನಿಲ್ಲದಿದ್ದರೆ ಸಿಲ್ಡೆನಾಫಿಲ್ ಮಾತ್ರೆ ಹಲವರಿಗೆ ಹಿಡಿಸುತ್ತದೆ. ಆದರೆ ಮೆಡಿಕಲ್ ಶಾಪ್‌ನಿಂದ ಸುಮ್ನೆ ತಂದು ಕೊಡಬೇಡಿ. ಎದೆನೋವಿಗೆ ನೈಟ್ರೇಟ್ ಮಾತ್ರೆ ತೆಗೆದುಕೊಳ್ಳುವವರಿಗೆ ಇದು ಅಪಾಯ.

ಪೈಪ್ ಬಗ್ಗೆ ಹೆದರಿಕೆ ಬೇಡ. ದಿನಕ್ಕೆ ನಾಲ್ಕಾರು ಸಲ ತಾವೇ ಪೈಪ್ ಹಾಕಿ ಮೂತ್ರ ತೆಗೆಯುವುದನ್ನು ಅವರಿಗೆ ಕಲಿಸಬಹುದೇ ಎಂದು ವೈದ್ಯರನ್ನು ಕೇಳಿ. ಆಗ ಪೈಪ್ ಒಳಗೇ ಇರಬೇಕಿಲ್ಲ. ಇರಲೇಬೇಕಾದರೆ ಅದನ್ನು ಹಿಂದಕ್ಕೆ ಮಡಚಿ, ಮೇಲೆ ಕಾಂಡೋಮ್ ಹಾಕಬಹುದು. ಮೊದಲು ಮೂತ್ರ ಪೂರ್ತಿ ಖಾಲಿಯಾಗಲಿ. ಜಾರಲು ನೀರಿನಂಶದ ಜೆಲ್ಲಿ ಬಳಸಿ. ಕೊಬ್ಬರಿ ಎಣ್ಣೆ ಬೇಡ, ಕಾಂಡೋಮ್ ಹರಿಯುತ್ತದೆ. ಅವರು ಮಲಗಿರಲಿ, ನೀವು ಮೇಲಿರಿ. ಹಾಸಿಗೆಯಲ್ಲಿ ಮಡಿಕೆ ಇರಬಾರದು. ಮುಗಿದ ಮೇಲೆ ಅವರ ಬೆನ್ನು, ಪೃಷ್ಠದ ಚರ್ಮ ಕೆಂಪಾಗಿದೆಯೇ ನೋಡಿ. ಅವರಿಗೆ ನೋವು ಗೊತ್ತಾಗುವುದಿಲ್ಲ, ಹುಣ್ಣಾದರೆ ತಿಂಗಳುಗಟ್ಟಲೆ ಮಲಗಬೇಕು.

ಇಷ್ಟೇ ಕೂಡುವುದಲ್ಲ, ಅಲ್ವಾ? ಕತ್ತು, ಕಿವಿ, ಎದೆಗೆ ಅವರಿಗೆ ಸ್ಪರ್ಶ ಗೊತ್ತಾಗುತ್ತದೆ. ಅಲ್ಲಿಂದಲೇ ಶುರು ಮಾಡಿ. ನಿಮಗೇನು ಬೇಕೆಂದು ನೀವೂ ಬಾಯಿಬಿಟ್ಟು ಹೇಳಿ.

(ಕುತ್ತಿಗೆ ಅಥವಾ ಎದೆಯ ಮೇಲ್ಭಾಗದ ಮಟ್ಟದಲ್ಲಿ, ಅಂದರೆ ಡಿ-6 ಮತ್ತು ಅದಕ್ಕಿಂತ ಮೇಲೆ ಪೆಟ್ಟಾದವರು ಓದುತ್ತಿದ್ದರೆ: ಆ ಹೊತ್ತಲ್ಲಿ ಸಿಡಿಯುವಂಥ ತಲೆನೋವು, ಬೆವರು ಬಂದರೆ ತಕ್ಷಣ ನಿಲ್ಲಿಸಿ, ಎದ್ದು ಕೂತುಕೊಳ್ಳಿ. ಬಿಪಿ ಏರಿರುತ್ತದೆ. ಕಡಿಮೆಯಾಗದಿದ್ದರೆ ಆಸ್ಪತ್ರೆಗೆ ಓಡಿ.)

ಮಗುವಿನ ವಿಷಯ. ವೀರ್ಯ ಹೊರಗೆ ಬರದಿರಬಹುದು. ಆಗ ವೈದ್ಯರ ಮುಂದೆ ಕಂಪನದ ಉಪಕರಣದಿಂದ ತರಿಸುತ್ತಾರೆ. ಅದೂ ಆಗದಿದ್ದರೆ ವೃಷಣದಿಂದಲೇ ತೆಗೆದು ಐವಿಎಫ್ (ದೇಹದ ಹೊರಗೆ ಗರ್ಭ ಕಟ್ಟಿಸುವುದು) ಮಾಡಬಹುದು. ಖರ್ಚಿದೆ, ಆದರೆ ದಾರಿಯಿದೆ.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರರೋಗ ಪುನಶ್ಚೇತನ ವಿಭಾಗವಿದೆ. ಇಬ್ಬರೂ ಹೋಗಿ. ಜೊತೆಗೆ ಬಂದವರನ್ನು ಹೊರಗೆ ಕೂರಿಸಿ, ಈ ಪತ್ರದಲ್ಲಿ ಬರೆದ ಹಾಗೇ ನೇರವಾಗಿ ಕೇಳಿ.