ಮೆಲ್ಬರ್ನ್ ಸಿಟಿ ಮಹಿಳಾ ತಂಡ 2015–16ರಲ್ಲಿ ಎಲ್ಲ ಪಂದ್ಯಗಳನ್ನೂ ಗೆದ್ದಿತೇ?
ನಮಸ್ಕಾರ. ಮೆಲ್ಬರ್ನ್ ಸಿಟಿ ಮಹಿಳಾ ತಂಡವು ಆಸ್ಟ್ರೇಲಿಯಾದ ಮಹಿಳಾ ಫುಟ್‌ಬಾಲ್ ಲೀಗ್ ಆಗಿದ್ದ ಡಬ್ಲ್ಯೂ-ಲೀಗ್‌ನ ತನ್ನ ಮೊದಲ ಋತುವಿನಲ್ಲಿ ಒಂದು ಪಂದ್ಯವನ್ನೂ ಬಿಟ್ಟುಕೊಡದೆ ಗೆದ್ದಿತೆಂಬ ಮಾತು ನಿಜವೇ ಎಂದು ಕೇಳಿದ್ದೀರಿ. ಲೀಗ್ ಹಂತದ ಮಟ್ಟಿಗೆ ಅದು ಅಕ್ಷರಶಃ ನಿಜ: ಹನ್ನೆರಡು ಪಂದ್ಯ, ಹನ್ನೆರಡು ಗೆಲುವು, 36 ಅಂಕ. ಆದರೆ ಸೆಮಿಫೈನಲ್‌ನಲ್ಲಿ ಬ್ರಿಸ್ಬೇನ್ ರೋರ್ ವಿರುದ್ಧ ಎರಡೂ ತಂಡಗಳಿಗೆ ಒಂದೂ ಗೋಲು ಬಾರದ್ದರಿಂದ ಪಂದ್ಯ ಪೆನಾಲ್ಟಿವರೆಗೆ ಹೋಯಿತು; ಅಲ್ಲಿ ಸಿಟಿ ಗೆದ್ದಿತು. ದಾಖಲೆಯ ಲೆಕ್ಕದಲ್ಲಿ ಪೆನಾಲ್ಟಿಯಲ್ಲಿ ತೀರ್ಮಾನವಾದ ಪಂದ್ಯವು ಡ್ರಾ ಆಗುವುದರಿಂದ, "ಎಲ್ಲವನ್ನೂ ಗೆದ್ದಿತು" ಎನ್ನುವುದು ಕೊಂಚ ಉತ್ಪ್ರೇಕ್ಷೆ. ಮೊದಲ ಪಂದ್ಯದಲ್ಲಿ 6–0 ಅಂತರದಿಂದ ಸೋಲಿಸಿದ್ದ ಸಿಡ್ನಿ ಎಫ್‌ಸಿಯನ್ನೇ ಫೈನಲ್‌ನಲ್ಲೂ 4–1ರಿಂದ ಮಣಿಸಿತು.

ಈ ಯಶಸ್ಸಿಗೆ ಹಣಬಲವೊಂದೇ ಕಾರಣವೆಂದು ನನಗೆ ಅನ್ನಿಸುವುದಿಲ್ಲ. ಆಸ್ಟ್ರೇಲಿಯಾದ ಬೇಸಿಗೆಯಲ್ಲಿ ಲೀಗ್ ನಡೆಯುವಾಗ ಅಮೆರಿಕದ ಲೀಗ್‌ಗೆ ಬಿಡುವಿರುತ್ತಿದ್ದರಿಂದ, ಸಿಯಾಟಲ್ ತಂಡದ ಕಿಮ್ ಲಿಟಲ್ ಮತ್ತು ಜೆಸ್ ಫಿಶ್‌ಲಾಕ್ ಅವರಂಥ ಆಟಗಾರ್ತಿಯರನ್ನು ಆ ಕೆಲವು ತಿಂಗಳ ಮಟ್ಟಿಗೆ ಎರವಲು ಪಡೆಯಲು ಸಾಧ್ಯವಾಯಿತು. ಅವರನ್ನು ಸ್ಟೆಫ್ ಕ್ಯಾಟ್ಲಿಯಂಥ ಸ್ಥಳೀಯರೊಂದಿಗೆ ಹೊಂದಿಸಿದ್ದು ಕೋಚ್ ಜೋ ಮಾಂಟೆಮುರೊ. ಸೋಜಿಗವೆಂದರೆ, ಮುಂದಿನ ಎರಡು ಋತುಗಳಲ್ಲಿ ಇದೇ ತಂಡ ಲೀಗ್ ಹಂತದ ಅಂಕಪಟ್ಟಿಯಲ್ಲಿ ನಾಲ್ಕನೆಯ ಸ್ಥಾನಕ್ಕಿಳಿದರೂ ಫೈನಲ್ ಗೆದ್ದು ಎರಡು ಬಾರಿಯೂ ಪ್ರಶಸ್ತಿಯನ್ನು ಉಳಿಸಿಕೊಂಡಿತು.