ತಿರುಪತಿ ಬೆಟ್ಟದ ಬಂಗಾರದ ಹಲ್ಲಿ ನಿಜವಾಗ್ಲೂ ಬಂಗಾರದ ಬಣ್ಣ ಇರುತ್ತದಾ?

ಇರುತ್ತದೆ, ಆದರೆ ಎಲ್ಲಕ್ಕೂ ಅಲ್ಲ. ಮೊಟ್ಟೆ ಇಡುವ ಕಾಲದಲ್ಲಿ ಬೆಳೆದ ಗಂಡಿಗೆ ಹೊಳೆಯುವ ಹಳದಿ ಬರುತ್ತದೆ. ಹೆಣ್ಣು, ಮರಿಗಳದ್ದು ಬಂಡೆಯಂಥದ್ದೇ ಕಂದು ಬಣ್ಣ, ಪಕ್ಕದಲ್ಲೇ ಇದ್ದರೂ ಕಾಣುವುದಿಲ್ಲ.

ಇದು ಮನೆ ಹಲ್ಲಿಯಲ್ಲ. ಪೂರ್ವ ಘಟ್ಟದಲ್ಲಿ, ಅದೂ ಆಂಧ್ರ, ಒಡಿಶಾ, ತಮಿಳುನಾಡಿನ ಕೆಲವೇ ಬೆಟ್ಟಗಳಲ್ಲಿ, ಹಳ್ಳದ ಹತ್ತಿರದ ತಂಪಾದ ಬಂಡೆ ಸಂದು, ಗುಹೆಗಳಲ್ಲಿ ಮಾತ್ರ ಇದರ ಬದುಕು. ಹಗಲೆಲ್ಲ ಸಂದಿನಲ್ಲಿದ್ದು ಕತ್ತಲಾದ ಮೇಲೆ ಹುಳು ಹಿಡಿಯುತ್ತದೆ. ಕೂಗು ಜೋರು.

ನನಗೆ ತುಂಬಾ ಇಷ್ಟವಾಗುವುದು ಮೊಟ್ಟೆ ಇಡುವ ರೀತಿ: ಹಲವು ಹೆಣ್ಣುಗಳು ಒಂದೇ ಬಂಡೆಗೆ ಮೊಟ್ಟೆ ಅಂಟಿಸುತ್ತವೆ, ಮರಿ ಹೊರಬಂದ ಮೇಲೂ ಬಿಳಿ ಗುರುತು ಬಂಡೆ ಮೇಲೆ ಹಾಗೇ ಉಳಿದು ಗೋಡೆಗೆ ಸುಣ್ಣದ ಬೊಟ್ಟು ಇಟ್ಟಂತೆ ಕಾಣುತ್ತದೆ. ಅಂಥ ಒಂದು ಬಂಡೆ ಒಡೆದರೆ ಎಷ್ಟು ಹಲ್ಲಿಗಳ ಮನೆ ಹೋಯಿತು ಅಲ್ವಾ? ದಯವಿಟ್ಟು ಕಂಡರೆ ಮುಟ್ಟಬೇಡಿ.